ತುಣೈವರ್ ಕಾಲಂನಲ್ಲಿ ಯಾರ ಹೆಸರು?

"ಶೂ ಬಿಚ್ಚಿ!"

ಹಂಸಾ ತಿರುಗಿ ನೋಡಿದಳು. ಆ ಮಾತು ತನಗೇ ಹೇಳಿದ್ದು ಎಂದು ಅವಳಿಗೆ ನಂಬಲು ಒಂದು ಕ್ಷಣ ಹಿಡಿಯಿತು.

ಶಾಲೆಯ ಆಟದ ಮೈದಾನದಲ್ಲಿ ಹನ್ನೊಂದು ಜನ ಟೀಚರುಗಳು ಸಾಲಾಗಿ ನಿಂತಿದ್ದರು. ಹೆಡ್‌ಮಾಸ್ಟರ್ ಅನಂತ್ ಸಾರ್ ಕೂಡ ಅದೇ ಸಾಲಿನಲ್ಲಿದ್ದರು. ಅವರೆಲ್ಲರ ಎದುರು, ಈಗಷ್ಟೇ ಬೈಕಿನಿಂದ ಇಳಿದು ಬಂದ ಗಂಡಸೊಬ್ಬ, ತನ್ನ ಹೆಸರು ಕೂಡ ಹೇಳದೆ ಅವಳ ಕಾಲು ನೋಡುತ್ತಾ ನಿಂತಿದ್ದ.

"ಏನಂದ್ರಿ?"

"ಶೂ ಬಿಚ್ಚಿ ಅಂದೆ ಟೀಚರೆ. ಅಡಿ ನೋಡ್ಬೇಕು."

ಬಿಚ್ಚಿ ಕೊಟ್ಟಳು. ನಿನ್ನೆಯಷ್ಟೇ ಆಸೆಪಟ್ಟು ಕೊಂಡಿದ್ದ ಬಿಳಿ ಶೂ. ಅವನು ಅದನ್ನು ತಿರುವಿ, ಬಗ್ಗಿಸಿ, ಅಡಿಯ ಮೇಲೆ ಹೆಬ್ಬೆರಳು ಎಳೆದು ನೋಡಿ ನೆಲದ ಮೇಲಿಟ್ಟ.

"ಹಪ್ಪಳದಂಗೆ ನುಣ್ಣಗದೆ. ಅಂಗಡಿ ಬೀದಿನಾಗೆ ಓಡಾಡಕ್ಕೆ ಸರಿ. ಕರಿಗೆರೆ ಗುಡ್ಡಕ್ಕೆ ಇದ್ನ ಹಾಕ್ಕೊಂಡು ಬಂದ್ರೆ ಮೊದಲ್ನೇ ಬಂಡೆ ಮ್ಯಾಲೇ ಜಾರ್ಬುಟ್ಟು ನನ್ ತಲೆ ಮ್ಯಾಲೆ ಬೀಳ್ತೀರ."

ಸಾಲಿನಲ್ಲಿ ನಗು ಎದ್ದಿತು. ಪಕ್ಕದಲ್ಲಿದ್ದ ಇಂಗ್ಲಿಷ್ ಟೀಚರ್ ಮಾಧವಿ ಸೆರಗು ಬಾಯಿಗಿಟ್ಟುಕೊಂಡಳು. ಹಂಸಾಗೆ ಕೋಪ ಬಂದರೆ ಮೊದಲು ಕಿವಿ ಕೆಂಪಾಗುತ್ತದೆ. ಎರಡೂ ಕಿವಿ ಕೆಂಪಾದವು.

"ಮತ್ತೆ ತಲೆಯಾಗಿನ ಆ ಮಲ್ಲಿಗೆ... ಅದೂ ಬ್ಯಾಡ."

"ಹೂ ಮುಡಿಯೋದಕ್ಕೂ ನಿಮ್ಮ ಅಪ್ಪಣೆ ಬೇಕಾ?"

"ನಂದಲ್ಲ. ಹೆಜ್ಜೇನಿಂದು. ಬಂಡೆ ಅಡೀಲೆಲ್ಲಾ ಕಟ್ಟವೆ. ಘಮಘಮ ಅಂತ ಹೋದ್ರೆ ಅಟ್ಟಿಸ್ಕೊಂಡು ಬತ್ತವೆ. ನೀವು ಟೀಚರು ಅಂತ ಅವಕ್ಕೆ ಗೊತ್ತಾಗಲ್ಲ."

ಇಷ್ಟಕ್ಕೇ ನಿಲ್ಲಿಸಿದ್ದರೆ ಕಥೆ ಬೇರೆಯಾಗುತ್ತಿತ್ತೋ ಏನೋ. ಆದರೆ ಅವನ ಕಣ್ಣು ಗೋಡೆಗೆ ಅಂಟಿಸಿದ್ದ ಪೋಸ್ಟರಿನ ಮೇಲೆ ಬಿತ್ತು. 'ಜ್ವಾಲಾಮುಖಿಯ ನೆಲದಲ್ಲಿ ಒಂದು ದಿನದ ನಡಿಗೆ.'

"ಇದ್ಯಾರು ಬರ್ದಿದ್ದು?"

"ನಾನು!"

"ನಮ್ಮೂರ ಗುಡ್ಡಕ್ಕೆ ಯಾಕ್ ಸುಮ್ಕೆ ಬೆಂಕಿ ಇಕ್ತೀರ ಟೀಚರೆ? ಅಲ್ಲಿರೋದು ಹುಣಸೆ ಮರ, ಮೇಕೆ, ಒಬ್ಬ ಮುನೇಶ್ವರ. ಅಷ್ಟೇಯ."

ಇವನ ಬಾಯಿಗೆ ಬೀಗವೇ ಇಲ್ಲವಾ... ಇಂಥವನ ಹಿಂದೆ ಒಂದು ದಿನ ಪೂರ್ತಿ ನಡೀಬೇಕಾ ನಾನು?

ಅವನ ಹೆಸರು ಜಗನ್. ಬೇರಿಕೆಯ ರೈತರ ಮನೆಯವನು. ವಾರವೆಲ್ಲ ಮೂಕಂಡಪಲ್ಲಿಯ ಫ್ಯಾಕ್ಟರಿಯೊಂದರಲ್ಲಿ ಮಿಷನ್ ಮುಂದೆ ನಿಲ್ಲುತ್ತಾನೆ, ಭಾನುವಾರ ಬಂದರೆ ಜನರನ್ನು ಗುಡ್ಡ ಹತ್ತಿಸುತ್ತಾನೆ. ಕರಿಗೆರೆ ಗುಡ್ಡದಲ್ಲಿ ಯಾವ ಬಂಡೆಯ ಕೆಳಗೆ ಜೇನು ಕಟ್ಟಿದೆ, ಯಾವ ಕಲ್ಲು ಅಲ್ಲಾಡುತ್ತದೆ ಎಂದು ಅವನಿಗೆ ಗೊತ್ತಿದ್ದಷ್ಟು ಬೇರೆಯವರಿಗೆ ಗೊತ್ತಿಲ್ಲ. ಅದಕ್ಕೇ ಅನಂತ್ ಸಾರ್ ಅವನನ್ನು ಒಪ್ಪಿಸಿ ಕರೆತಂದಿದ್ದರು. ಮೂರು ಭಾನುವಾರ ತಯಾರಿ, ನಾಲ್ಕನೇ ಭಾನುವಾರ ಗುಡ್ಡ.

ಈ ನಡಿಗೆ ಹಂಸಾಳ ಕನಸು. ಗಡಿಯಾಚೆ ತಮಿಳು ಸೀಮೆಯಲ್ಲಿರುವ ಹೊಸೂರಿನ ಒಂದು ಕನ್ನಡ ಮಾಧ್ಯಮ ಹೈಸ್ಕೂಲಿನಲ್ಲಿ ಭೂಗೋಳ ಹೇಳುವ ಅವಳಿಗೆ, ಪಾಠದಲ್ಲಿರುವ ಜ್ವಾಲಾಮುಖಿಯ ಬೆಂಕಿ ನಮ್ಮೂರ ಪಕ್ಕದಲ್ಲೇ ಕಲ್ಲಾಗಿ ನಿಂತಿದೆ ಎಂದು ಎಲ್ಲರಿಗೂ ತೋರಿಸುವ ಹಟ. ಮೊದಲು ಟೀಚರುಗಳು, ಆಮೇಲೆ ಮಕ್ಕಳು.

ಅವಳ ಇನ್ನೊಂದು ವಿಷಯವನ್ನೂ ಇಲ್ಲೇ ಹೇಳಿಬಿಡಬೇಕು. ಇಲ್ಲದಿದ್ದರೆ ಮುಂದೆ ಅವಳು ಮಾಡಿದ್ದು ನಿಮಗೆ ಬರೀ ದುರಹಂಕಾರ ಅನ್ನಿಸುತ್ತದೆ.

ನಾಲ್ಕು ವರ್ಷದ ಹಿಂದೆ ಹಂಸಾಗೆ ಮದುವೆ ಗೊತ್ತಾಗಿತ್ತು. ಹುಡುಗನ ಹೆಸರು ವಸುಧೇಂದ್ರ. ಲಗ್ನಪತ್ರಿಕೆ ಅಚ್ಚಾಗಿತ್ತು. ಅಪ್ಪ ಬದರೀನಾಥರು ತಾವೇ ಮನೆಮನೆಗೆ ಹೋಗಿ, ಅರಿಶಿನ ಕುಂಕುಮ ಹಚ್ಚಿದ ಆ ಕಾರ್ಡು ಹಂಚಿ ಬಂದಿದ್ದರು. ಮದುವೆಗೆ ಹತ್ತು ದಿನ ಇದೆ ಅನ್ನುವಾಗ ವಸುಧೇಂದ್ರ ಫೋನಿನಲ್ಲಿ ಎರಡು ಸಾಲು ಕಳಿಸಿದ, ತನಗೆ ಈ ಮದುವೆ ಬೇಡ ಎಂದು. ಅಪ್ಪ ಮತ್ತೆ ಅದೇ ಮನೆಗಳಿಗೆ, ಅದೇ ಕ್ರಮದಲ್ಲಿ ಹೋಗಿ, ಮದುವೆ ನಿಂತಿತು ಎಂದು ಹೇಳಿ ಬಂದರು.

ಆ ದಿನ ಹಂಸಾ ತೀರ್ಮಾನ ಮಾಡಿದಳು. ಇನ್ನು ಮುಂದೆ ಯಾವ ಕಾಗದದ ಮೇಲೂ ನನ್ನ ಹೆಸರಿನ ಪಕ್ಕದಲ್ಲಿ ಇನ್ನೊಬ್ಬ ಗಂಡಸಿನ ಹೆಸರು ಬೀಳಬಾರದು. ಬಿದ್ದು, ಜನ ನಗಬಾರದು... ಇನ್ನೊಂದು ಸಲ ಅದನ್ನು ತಡೆದುಕೊಳ್ಳುವ ಶಕ್ತಿ ತನಗಿಲ್ಲ!

*

ಎರಡನೇ ಭಾನುವಾರ ಚಂದ್ರಚೂಡೇಶ್ವರ ಬೆಟ್ಟದ ಮೆಟ್ಟಿಲು ಹತ್ತಿ ಇಳಿಯುವ ಅಭ್ಯಾಸ. ಒಬ್ಬೊಬ್ಬರ ಬೆನ್ನಿಗೂ ಮೂರು ಲೀಟರ್ ನೀರು.

"ನೀರು ಹೊತ್ತು ಅಭ್ಯಾಸ ಆಗ್ಲಿ. ಅಲ್ಲಿ ಕರಿ ಕಲ್ಲು. ಹತ್ತು ಗಂಟೆಗೆಲ್ಲಾ ಹೆಂಚಿನಂಗೆ ಕಾಯ್ತದೆ. ಉಪ್ಪು ಹಾಕಿದ ಮಜ್ಜಿಗೆ ತರ್ಬೇಕು. ತುಂಬು ತೋಳಿನ ಕಾಟನ್ ಬಟ್ಟೆ. ಜೇನೆದ್ರೆ ಮುಖ ಮುಚ್ಕೊಳ್ಳಕ್ಕೆ ದೊಡ್ಡ ಟವಲ್ಲು. ಕಾಲುಗುರು ಕತ್ರಿಸ್ಕೊಂಡು ಬರ್ಬೇಕು, ಇಳಿಯುವಾಗ ಶೂ ಒಳಗೆ ಒತ್ತುತ್ತವೆ." ಹೇಳುತ್ತಾ ಹೇಳುತ್ತಾ ಹಂಸಾಳ ಕಡೆ ನೋಡಿದ. "ಬಣ್ಣ ಹಚ್ಚಿರೋರೂವೆ."

ಹಂಸಾ ಕಾಲು ಹಿಂದಕ್ಕೆ ಎಳೆದುಕೊಂಡಳು.

ಹೊಸ ಗಟ್ಟಿ ಶೂ ಹಿಮ್ಮಡಿಯನ್ನು ಕಚ್ಚುತ್ತಿತ್ತು. ಅವನೆದುರು ನೋವು ಎನ್ನುವುದಕ್ಕಿಂತ ಸಾಯುವುದು ಮೇಲು ಎಂದು ಹಲ್ಲು ಕಚ್ಚಿ ಹತ್ತಿದಳು. ಮೂರನೇ ಸುತ್ತಿಗೆ ಸಾಕ್ಸ್ ಕೆಂಪಾಯಿತು.

"ನಿಲ್ರಿ." ಅವನು ಮೆಟ್ಟಿಲ ಮೇಲೆ ಅವಳ ಮುಂದೆಯೇ ಕುಳಿತ. ಜೇಬಿನಿಂದ ಅಂಟುಪಟ್ಟಿ ತೆಗೆದ. "ನೋವಾಯ್ತದೆ ಅಂತ ಬಾಯಿ ಬಿಟ್ಟು ಹೇಳಕ್ಕೇನು ಬ್ಯಾನೆ ನಿಮ್ಗೆ?"

"ನಿಮಗೆ ಯಾಕೆ ಹೇಳಬೇಕು?"

"ಗುಡ್ಡದ ಮ್ಯಾಲೆ ಕುಂಟಿದ್ರೆ ಹೊತ್ಕೊಂಡು ಇಳಿಸ್ಬೇಕಾದೋನು ನಾನು! ಅದ್ಕೆ!"

ಬೈಯುತ್ತಲೇ ಪಟ್ಟಿ ಅಂಟಿಸಿದ. ಬೆರಳು ಮಾತ್ರ ಮಾತಿನ ಹಾಗಿರಲಿಲ್ಲ, ತುಂಬಾ ಮೆತ್ತಗಿತ್ತು. ಹಂಸಾ ಅದನ್ನು ಗಮನಿಸಿದಳು. ಗಮನಿಸಿದ್ದಕ್ಕೆ ತನ್ನ ಮೇಲೇ ಸಿಟ್ಟು ಮಾಡಿಕೊಂಡಳು.

ಮೂರನೇ ಭಾನುವಾರ ಎಲ್ಲರನ್ನೂ ಗುಡ್ಡದ ಬುಡದವರೆಗೆ ಕರೆದುಕೊಂಡು ಹೋದ. ಬೂದು ಬಿಳಿ ಬಂಡೆಯ ನಡುವೆ, ಬುಡದಿಂದ ನೆತ್ತಿಯವರೆಗೆ, ಎಳೆದ ಹಾಗೆ ಒಂದು ಕಪ್ಪು ಕಲ್ಲಿನ ಪಟ್ಟೆ. ಊರವರು ಕರಿಗೆರೆ ಅನ್ನುವುದು ಅದಕ್ಕೇ. ಮಿಕ್ಕವರು ಫೋಟೋ ತೆಗೆಯುತ್ತಿದ್ದಾಗ ಅವನು ಮೆಲ್ಲಗೆ ಹಂಸಾಳ ಪಕ್ಕಕ್ಕೆ ಬಂದ.

"ಅದೇನೋ ಬೆಂಕಿ ಬೆಂಕಿ ಅಂತಿದ್ರಲ್ಲ... ಹೇಳಿ ಮತ್ತೆ."

"ನಗೋದಕ್ಕಾ?"

"ತಿಳ್ಕೊಳ್ಳಕ್ಕೆ."

ಹಂಸಾ ಅನುಮಾನದಿಂದಲೇ ಶುರು ಮಾಡಿದಳು. "ನೂರಾರು ಕೋಟಿ ವರ್ಷದ ಹಿಂದಿನ ಮಾತು. ಭೂಮಿ ಒಳಗೆ ಕರಗಿದ ಕಲ್ಲು ಮೇಲಕ್ಕೆ ನುಗ್ಗಿತು. ಈ ಬಿಳಿ ಬಂಡೆ ಬಿರುಕು ಬಿಟ್ಟ ಕಡೆ ತೂರಿಕೊಂಡಿತು. ಹೊರಗೆ ಬಂದಿದ್ದರೆ ಜ್ವಾಲಾಮುಖಿ ಅಂತಿದ್ವಿ. ಇದು ಪೂರ್ತಿ ಹೊರಗೆ ಬರೋದರೊಳಗೆ ತಣ್ಣಗಾಗಿ, ಅಲ್ಲೇ ಕಪ್ಪು ಕಲ್ಲಾಗಿ ನಿಂತುಬಿಡ್ತು."

ಅವನು ಕರಿಗೆರೆಯನ್ನು ಬಹಳ ಹೊತ್ತು ನೋಡಿದ. ಹುಟ್ಟಿದಾಗಿನಿಂದ ಮೇಕೆ ಅಟ್ಟಿಕೊಂಡು ಹತ್ತಿದ್ದ ಗುಡ್ಡ.

"ಹಂಗಾದ್ರೆ... ಒಳಗೆ ಅಷ್ಟೊಂದು ಇದ್ರೂ ಹೊರಗೆ ಬರಕ್ಕೇ ಆಗ್ನಿಲ್ಲ ಇದ್ಕೆ?"

"ಇಲ್ಲ."

"ಪಾಪ," ಅಂದ ಜಗನ್.

ಕಲ್ಲಿಗೆ ಪಾಪ ಅಂದವನನ್ನು ಹಂಸಾ ಮೊದಲ ಸಲ ನೋಡಿದ್ದಳು. ಮನಸ್ಸಿನೊಳಗೆ ಎಲ್ಲೋ ಒಂದು ಕಡೆ ಸಣ್ಣಗೆ ಬೆಚ್ಚಗಾಯಿತು...

ಅಷ್ಟರಲ್ಲಿ ಅವನೇ ಕೆಡಿಸಿದ. ಎಲ್ಲರನ್ನೂ ಕೂಗಿ ಜೋಡಿ ಮಾಡತೊಡಗಿದ.

"ಗುಡ್ಡದ ಮ್ಯಾಲೆ ಒಬ್ರೇ ನಡೆಯಂಗಿಲ್ಲ. ಹೆಡ್‌ಮಾಸ್ಟ್ರು, ಪಿ.ಟಿ. ಶಿವಣ್ಣ ಸಾರು ಒಂದು ಜೋಡಿ. ಮಾಧವಿ ಟೀಚರು, ಲೆಕ್ಕದ ನರಸಮ್ಮ ಟೀಚರು ಒಂದು ಜೋಡಿ..." ಹೀಗೆ ಐದು ಜೋಡಿ ಆಯಿತು. ಉಳಿದವಳು ಹಂಸಾ. "ನೀವು ನನ್ ಜೊತೆ. ಎಲ್ರಿಗಿಂತ ನಿಧಾನ ಇರೋರು ಗೈಡ್ ಜೊತೆ ಬರ್ಬೇಕು. ಅದು ರೂಲ್ಸು."

"ನಾನಾ? ನಿಧಾನಾ?"

"ಮತ್ತೆ ನಾನಾ?"

ಬೆಚ್ಚಗಾಗಿದ್ದು ತಣ್ಣಗಾಗಲು ಅರೆ ನಿಮಿಷವೂ ಬೇಕಾಗಲಿಲ್ಲ.

*

ಗುರುವಾರ ಮಧ್ಯಾಹ್ನ, ಊಟದ ಬಿಡುವು. ಆ ವಾರ ರಾತ್ರಿ ಪಾಳಿಯಲ್ಲಿದ್ದ ಜಗನ್ ಒಂದು ಕಟ್ಟು ಕಾಗದ ಹಿಡಿದು ಸ್ಟಾಫ್ ರೂಮಿಗೆ ಬಂದ. ಗುಡ್ಡ ಹತ್ತಲು ಅನುಮತಿ ಬೇಕು, ಒಬ್ಬೊಬ್ಬರಿಗೂ ಒಂದು ಫಾರಂ, ಎಲ್ಲವೂ ತಮಿಳಿನಲ್ಲಿ. ಅವನೇ ನಾಲ್ಕು ದಿನ ಕುಳಿತು ತುಂಬಿಸಿದ್ದ. ಸಹಿಯೊಂದೇ ಬಾಕಿ.

ಮೇಲಿದ್ದದ್ದು ಹಂಸಾಳ ಫಾರಂ. ಪಕ್ಕದಲ್ಲಿದ್ದ ಮಾಧವಿ ಅದನ್ನು ತೆಗೆದುಕೊಂಡು ಜೋರಾಗಿ ಓದತೊಡಗಿದಳು.

"ಪೆಯರ್... ಹಂಸಾ. ವಯಸ್ಸು ಮೂವತ್ತು. ತುಣೈವರ್ ಪೆಯರ್..." ಮಾಧವಿ ನಿಂತಳು. ಕಣ್ಣರಳಿಸಿದಳು. "ಅಯ್ಯೋ ದೇವರೇ! ತುಣೈವರ್ ಪೆಯರ್, ಜಗನ್!"

ತಮಿಳು ಫಾರಂಗಳಲ್ಲಿ ಪೆಯರ್ ಅಂದರೆ ಹೆಸರು, ತುಣೈವರ್ ಅಂದರೆ ಗಂಡ ಅಥವಾ ಹೆಂಡತಿ. ಸ್ಟಾಫ್ ರೂಮಿನಲ್ಲಿ ಅದು ಗೊತ್ತಿಲ್ಲದವರು ಯಾರೂ ಇರಲಿಲ್ಲ.

ಆಮೇಲೆ ನಗು! ಶಿವಣ್ಣ ಸಾರ್ ಮೇಜು ಕುಟ್ಟಿದರು. "ಏನ್ ಟೀಚರ್, ನಮಗೆ ಕಾರ್ಡೇ ಕೊಡಲಿಲ್ಲ!" ಅಂದರು ನರಸಮ್ಮ ಟೀಚರ್.

ಕಾರ್ಡು... ಆ ಒಂದು ಪದ ಸಾಕಾಗಿತ್ತು.

ಹಂಸಾ ಎದ್ದು ನಿಂತಳು. ಫಾರಂ ಕಿತ್ತುಕೊಂಡು ಎರಡಾಗಿ ಹರಿದಳು. ನಾಲ್ಕಾಗಿ ಹರಿದಳು. ಚೂರುಗಳನ್ನು ಅವನ ಎದೆಗೇ ಎಸೆದಳು.

"ಇದು ತಮಾಷೆನಾ ನಿಮಗೆ? ನನ್ನ ಹೆಸರಿನ ಜೊತೆ ನಿಮ್ಮ ಹೆಸರು ಬರೆಯೋಕೆ ಎಷ್ಟು ಧೈರ್ಯ!"

"ಟೀಚರೆ... ಏನಾಯ್ತು? ಜೋಡಿ ಅಂತ ಕೇಳವ್ರೆ, ಅದ್ಕೆ..."

"ಜೋಡಿ!" ಅವಳ ಧ್ವನಿ ಕಿರುಚಾಟಕ್ಕೇರಿತು. "ನಾಚಿಕೆ ಆಗಲ್ವಾ? ನಾಲ್ಕಕ್ಷರ ಸರಿಯಾಗಿ ಓದೋಕೆ ಬರೆಯೋಕೆ ಬಂದಿದ್ದರೆ, ನೀವು ಹೀಗೆ ಗುಡ್ಡ ಕಾಯ್ತಾ ಇರ್ತಿದ್ರಾ? ಹೋಗಿ ಇಲ್ಲಿಂದ!"

ನಗು ನಿಂತಿತು.

ಜಗನ್ ಮುಖದಿಂದ ರಕ್ತ ಇಳಿದು ಹೋದದ್ದು ಎಲ್ಲರಿಗೂ ಕಾಣಿಸಿತು. ನೆಲದ ಮೇಲೆ ಬಿದ್ದ ಚೂರುಗಳನ್ನು ಬಗ್ಗಿ ಒಂದೊಂದಾಗಿ ಆರಿಸಿಕೊಂಡು, ಜೇಬಿಗೆ ಹಾಕಿಕೊಂಡು, ಕಟ್ಟನ್ನು ಮೇಜಿನ ಮೇಲೆ ಬಿಟ್ಟು ಹೋಗಿಬಿಟ್ಟ.

ಕೊನೆಯ ಗಂಟೆ ಹೊಡೆದ ಮೇಲೆ ಸ್ಟಾಫ್ ರೂಮ್ ಖಾಲಿಯಾಯಿತು. ಹಂಸಾ ಒಬ್ಬಳೇ ಕುಳಿತಿದ್ದಳು. ಕಟ್ಟನ್ನು ಹೆಡ್‌ಮಾಸ್ಟರಿಗೆ ಒಪ್ಪಿಸೋಣ, ಈ ನಡಿಗೆಯೂ ಬೇಡ, ಗುಡ್ಡವೂ ಬೇಡ ಎಂದು ಎತ್ತಿಕೊಂಡಳು. ಮೇಲಿನ ಫಾರಂ ಮೇಲೆ ಕಣ್ಣು ಬಿತ್ತು.

ಹೆಸರು: ಅನಂತ್. ತುಣೈವರ್ ಹೆಸರು: ಶಿವಣ್ಣ.

ಹಂಸಾ ಕಣ್ಣುಜ್ಜಿಕೊಂಡಳು. ಮುಂದಿನದು ತೆಗೆದಳು. ಹೆಸರು: ಮಾಧವಿ. ತುಣೈವರ್ ಹೆಸರು: ನರಸಮ್ಮ.

ಅಂದರೆ ಹೆಡ್‌ಮಾಸ್ಟರಿಗೆ ಪಿ.ಟಿ. ಮಾಸ್ಟರ್ ಗಂಡನೋ ಹೆಂಡತಿಯೋ ಆಗಿದ್ದರು! ಹತ್ತೂ ಫಾರಂನಲ್ಲಿ ಅದೇ ಕಥೆ. ತಡೆಯಲಾರದೆ ಹಂಸಾಗೆ ನಗು ಉಕ್ಕಿತು. ನಗುತ್ತಾ ನಗುತ್ತಾ ಸುಮ್ಮನಾದಳು.

'ತುಣೈಗೆ ಯಾರು ಬರ್ತಾರೆ' ಅಂದರೆ 'ಜೊತೆಗೆ ಯಾರು ಬರ್ತಾರೆ' ಎಂದು ಈ ಊರಿನ ಬೀದಿಯಲ್ಲಿ ದಿನಾ ಕೇಳುವ ಮಾತು. ಅವನಿಗೆ ಬೀದಿಯ ತಮಿಳು ಗೊತ್ತು. ಕಾಗದದ ತಮಿಳು ಗೊತ್ತಿಲ್ಲ. ಗುಡ್ಡಕ್ಕೆ ಜೊತೆಯಲ್ಲಿ ನಡೆಯುವವರ ಹೆಸರು ಕೇಳಿದ್ದಾರೆ ಅಂದುಕೊಂಡಿದ್ದ. ಫಾರಂ ಮೇಲಿದ್ದ ಅವನ ತಮಿಳು ಅಕ್ಷರಗಳನ್ನು ಈಗ ಸರಿಯಾಗಿ ನೋಡಿದಳು. ಒಂದೊಂದು ಅಕ್ಷರವನ್ನೂ ಒತ್ತಿ ಒತ್ತಿ, ಅಳಿಸಿ, ತಿದ್ದಿ ಬರೆದಿದ್ದ. ಅವಳ ಆರನೇ ಕ್ಲಾಸಿನ ಮಕ್ಕಳು ಬರೆಯುವ ಹಾಗೇ.

ಬೇರಿಕೆಯ ಕಡೆ ಕನ್ನಡ ಮಾಧ್ಯಮದಲ್ಲಿ ಓದಿದವನು. ಅವನು ಓದುವ ಕಾಲಕ್ಕೆ ಅವನ ಶಾಲೆಯಲ್ಲಿ ತಮಿಳು ಕಲಿಸುವವರೇ ಇದ್ದಿರಲಿಕ್ಕಿಲ್ಲ. ಅವನಿಗೆ ನಾನು... ಕನ್ನಡ ಶಾಲೆಯ ಟೀಚರ್ ಆಗಿ ನಾನು... ಎಂಥಾ ಮಾತು ಅಂದುಬಿಟ್ಟೆ!

ಹಂಸಾ ಮೇಜಿನ ಮೇಲೆ ತಲೆಯಿಟ್ಟು ಅತ್ತಳು.

ಮನೆಯಲ್ಲಿ ಅಮ್ಮ ಅಂಬುಜಮ್ಮ ಮಗಳ ಮುಖ ನೋಡಿದೊಡನೆ ಕಾಫಿ ಸೋಸುವುದನ್ನು ನಿಲ್ಲಿಸಿದರು. ಎಲ್ಲವನ್ನೂ ಬಾಯಿ ಬಿಡಿಸಿದರು.

"ತಪ್ಪು ಮಾಡಿದ್ದೀಯ, ಹೋಗಿ ಕ್ಷಮೆ ಕೇಳು. ಅಷ್ಟಕ್ಕೆ ಇಷ್ಟು ಅಳ್ತಾರೇನೇ?" ಆಮೇಲೆ ಮಗಳನ್ನೇ ನೋಡಿ ದನಿ ತಗ್ಗಿಸಿದರು. "ಅಷ್ಟಕ್ಕೇ ಅಲ್ಲ ಅನ್ನಿಸುತ್ತೆ."

"ಅಮ್ಮಾ, ಸುಮ್ಮನಿರು! ಅವನೇನು ನಮ್ಮವನಾ?"

"ವಸುಧೇಂದ್ರ ನಮ್ಮವನೇ ಆಗಿದ್ದ. ಏನು ಉದ್ಧಾರ ಮಾಡಿದ?" ಅಂದು ಅಂಬುಜಮ್ಮ ಕಾಫಿ ಸೋಸತೊಡಗಿದರು.

*

ಶುಕ್ರವಾರ ಹಂಸಾ ರಜಾ ಹಾಕಿ ಬೇರಿಕೆಯ ಬಸ್ಸು ಹತ್ತಿದಳು. ಸಂತೆ ಬೀದಿ ದಾಟಿ, ವಿಳಾಸ ಕೇಳಿಕೊಂಡು ಹೋದಾಗ ಅಂಗಳದಲ್ಲಿ ಅವನ ತಾಯಿ ನಾರಾಯಣಮ್ಮ ಟೊಮೇಟೊ ಆರಿಸುತ್ತಿದ್ದರು.

"ಯಾರಮ್ಮ?"

"ನಾನು ಹೊಸೂರು ಸ್ಕೂಲಿನ ಟೀಚರ್... ಹಂಸಾ ಅಂತ."

"ಓ! ಬೆಂಕಿ ಟೀಚರಮ್ಮ ನೀನೇನಾ! ಬಾ ತಾಯಿ, ಕೂತ್ಕೊ. ಒಂದು ವಾರದಿಂದ ಕರಿಗೆರೆ ಒಳಗೆ ಬೆಂಕಿ ಅದೆ ಕಣವ್ವಾ ಅಂತ ನನ್ ತಲೆ ತಿಂದವ್ನೆ. ನಿನ್ನೆಯಿಂದ ನೋಡು, ಬಾಯೇ ಬಿಡ್ತಿಲ್ಲ." ಆಕೆ ಒಳಗೆ ಕೂಗಿದರು. "ಲೇ ಜಗ್ಗ! ಬಾರ್ಲಾ ಈಚೆಗೆ! ಯಾರು ಬಂದವ್ರೆ ನೋಡ್ಲಾ!"

ಜಗನ್ ಹೊರಗೆ ಬಂದ. ಅವಳನ್ನು ಕಂಡು ಮುಖ ಗಂಟಾಯಿತು.

"ಏನ್ ಬಂದ್ರಿ? ಇನ್ನೊಂದು ಫಾರಂ ಹರಿಯಕ್ಕಾ?"

"ಲೇ, ಮನೆಗೆ ಬಂದೋರ ಜೊತೆ ಹಂಗಾ ಮಾತಾಡೋದು?" ನಾರಾಯಣಮ್ಮ ಗದರಿದರು. ಆಮೇಲೆ ಇಬ್ಬರ ಮುಖವನ್ನೂ ನೋಡಿ, ನೀರು ತರುವ ನೆಪದಲ್ಲಿ ಒಳಗೆ ಹೋದರು.

"ತಪ್ಪಾಯ್ತು," ಅಂದಳು ಹಂಸಾ. "ಬೇರೆಯವರ ಫಾರಂ ನೋಡಿದೆ. ಬೇಕು ಅಂತ ಬರೆದಿದ್ದಲ್ಲ ಅಂತ ಆಮೇಲೆ ಗೊತ್ತಾಯ್ತು. ನೀವು ಅವತ್ತೇ ಹೇಳಬಹುದಿತ್ತಲ್ಲ, ಓದೋಕೆ ಕಷ್ಟ ಅಂತ..."

"ಹೇಳ್ಬೇಕಿತ್ತಾ? ಅಷ್ಟು ಜನದ ಮುಂದೆ?" ಅವನ ಮಾತು ಬಿಸಿಯಾಯಿತು. "ಫ್ಯಾಕ್ಟರಿನಾಗೆ ಸೂಪರ್‌ವೈಸರ್ ಕೆಲ್ಸ ನಂಗೆ ಬರ್ಬೇಕಾಗಿತ್ತು ಟೀಚರೆ. ರಿಪೋರ್ಟು ತಮಿಳ್ನಾಗೆ ಬರಿಯಕ್ಕೆ ಬರಲ್ಲ ಅಂತ ನನ್ ಕೈ ಕೆಳಗೆ ಕಲ್ತೋನಿಗೆ ಕೊಟ್ರು. ಅವತ್ತಿಂದ ಅಕ್ಷರ ಕಲೀತಿದೀನಿ, ಒಬ್ನೇ. ಪೋಲಿ ಅಂತ ಅನ್ನಿಸ್ಕೊಂಡ್ರೂ ಪರವಾಗಿಲ್ಲ, ಓದಕ್ಕೆ ಬರ್ದೋನು ಅನ್ನಿಸ್ಕೊಳ್ಳಬಾರ್ದು ಅಂತ ಸುಮ್ಕಿದ್ದೆ. ನೀವು ಎರಡೂ ಅಂದ್ರಿ."

"ಅದಕ್ಕೇ ಕ್ಷಮೆ ಕೇಳೋಕೆ ಬಂದೆ."

"ಎಲ್ರ ಮುಂದೆ ಅಂದ್ರಿ. ಯಾರೂ ಇಲ್ದಿರೋ ಕಡೆ ಬಂದು ಕ್ಷಮೆ ಕೇಳ್ತೀರ. ಒಳ್ಳೆ ನ್ಯಾಯ!"

ಅವನು ಹೇಳಿದ್ದು ಸರಿಯಾಗಿತ್ತು.

"ಭಾನುವಾರ ಬತ್ತೀನಿ. ಹೆಡ್‌ಮಾಸ್ಟ್ರಿಗೆ ಮಾತು ಕೊಟ್ಟಿದೀನಿ, ಅದ್ಕೆ. ನಿಮ್ಗೋಸ್ಕರ ಅಲ್ಲ. ನೀವು ನನ್ ಜೊತೆ ನಡೆಯೋದು ಬ್ಯಾಡ. ಬೇರೆ ಯಾರ ಜೊತೆನಾನ ಸೇರ್ಕೊಳ್ಳಿ."

ಹಂಸಾ ತಲೆಯಾಡಿಸಿ ಎದ್ದಳು. ಬಸ್ಸಿನಲ್ಲಿ ಕುಳಿತ ಮೇಲೆ ಎದೆಯೊಳಗೆ ಏನೋ ಮುರಿದ ಹಾಗೆ ನೋವಾಯಿತು. ವಸುಧೇಂದ್ರ ಬೇಡ ಅಂದಾಗ ಅವಳಿಗೆ ಆಗಿದ್ದು ಅವಮಾನ. ಇವನು ಬೇಡ ಅಂದಾಗ ಆಗುತ್ತಿರುವುದು ಅವಮಾನ ಅಲ್ಲ... ಅಲ್ಲವೇ ಅಲ್ಲ!

ನನಗೆ ಅವನು ಬೇಕು. ಬೈಯೋದಾದರೂ ಸರಿ, ಅವನೇ ಬೈಬೇಕು...

ಶನಿವಾರ ಹಂಸಾ ಖಾಲಿ ಫಾರಂ ತಂದು ಹತ್ತನ್ನೂ ಹೊಸದಾಗಿ ತುಂಬಿದಳು. ತನ್ನದನ್ನು ಕೊನೆಗೆ ಇಟ್ಟುಕೊಂಡಳು. ಒಂದು ಕಾಲಂ ಮುಂದೆ ಪೆನ್ನು ಬಹಳ ಹೊತ್ತು ನಿಂತಿತ್ತು.

*

ಭಾನುವಾರ ಬೆಳಿಗ್ಗೆ ಆರು ಗಂಟೆ. ಕರಿಗೆರೆ ಗುಡ್ಡದ ಬುಡದಲ್ಲಿ ಹನ್ನೊಂದು ಜನ, ಹನ್ನೊಂದು ಚೀಲ, ಮಜ್ಜಿಗೆ ಬಾಟಲಿಗಳು. ಹಂಸಾಳ ಕಾಲಲ್ಲಿ ಗಟ್ಟಿ ಶೂ, ತಲೆಯಲ್ಲಿ ಹೂವಿಲ್ಲ. ಜಗನ್ ದೂರ ನಿಂತು ಎಲ್ಲರ ಶೂ ಲೇಸು ನೋಡುತ್ತಿದ್ದ. ಅವಳ ಸರದಿ ಬಂದಾಗ ನೋಡದೆ ಮುಂದೆ ಹೋದ.

ಫಾರಂ ನೋಡಿ ಒಳಗೆ ಬಿಡುವ ಗಾರ್ಡ್ ಕದಿರಪ್ಪ ಕಲ್ಲಿನ ಮೇಲೆ ಕುಳಿತು ಕನ್ನಡಕ ಏರಿಸಿದ.

"ಒಂದು ನಿಮಿಷ," ಅಂದಳು ಹಂಸಾ. ಎಲ್ಲರೂ ತಿರುಗಿದರು. ಕಿವಿ ಕೆಂಪಾಗಿತ್ತು, ಆದರೆ ಈ ಸಲ ಕೋಪಕ್ಕಲ್ಲ. "ಗುರುವಾರ ಸ್ಟಾಫ್ ರೂಮಿನಲ್ಲಿ ನಾನು ಇವರಿಗೆ ಕೆಟ್ಟ ಮಾತು ಅಂದೆ. ಓದು ಬರಹ ಬರಲ್ಲ ಅಂದೆ. ನಾವು ಹನ್ನೊಂದು ಜನ ಟೀಚರುಗಳು ಸೇರಿ ಒಂದು ಫಾರಂ ಕೂಡ ತುಂಬಲಿಲ್ಲ. ಇವರು ಒಬ್ಬರೇ, ಶಾಲೆಯಲ್ಲಿ ಕಲಿಯದ ಭಾಷೆಯಲ್ಲಿ, ನಮಗಾಗಿ ಹನ್ನೊಂದು ತುಂಬಿದರು. ತಪ್ಪು ನನ್ನದು. ಎಲ್ಲರ ಮುಂದೆ ಅಂದಿದ್ದೆ, ಎಲ್ಲರ ಮುಂದೆಯೇ ಕ್ಷಮೆ ಕೇಳ್ತಿದ್ದೀನಿ."

ಜಗನ್ ನೆಲ ನೋಡುತ್ತಾ ನಿಂತಿದ್ದ.

ಕದಿರಪ್ಪ ಗಂಟಲು ಸರಿಮಾಡಿಕೊಂಡು ಫಾರಂ ಓದತೊಡಗಿದ. ಹತ್ತು ಮುಗಿದವು. ಹನ್ನೊಂದನೆಯದು ಬಂತು.

"ಹಂಸಾ... ತಂದೆ ಪೆಯರ್, ಬದರೀನಾಥ. ತುಣೈವರ್ ಪೆಯರ್..." ಅವನು ಕನ್ನಡಕ ಸರಿಸಿದ. "ಜಗನ್? ಇದ್ಯಾವ ಜಗನ್? ನಮ್ಮ ಗೈಡಾ? ಕಲ್ಯಾಣ ಯಾವಾಗ ಆಯ್ತಮ್ಮ?"

"ಇನ್ನೂ ಆಗಿಲ್ಲ ಅಣ್ಣ."

"ಹಂಗಾದ್ರೆ ಇದು ಸೆಲ್ಲಾದು, ನಡೆಯಲ್ಲಮ್ಮ! ಯಾಕೆ ಬರ್ದೆ?"

"ಅವರನ್ನೇ ಕೇಳಿ."

ಮಾಧವಿಯ ಬಾಯಿ ತೆರೆದದ್ದು ತೆರೆದೇ ಇತ್ತು. ಅನಂತ್ ಸಾರ್ ಒಮ್ಮೆಲೇ ಗುಡ್ಡದ ಸೌಂದರ್ಯ ನೋಡತೊಡಗಿದರು. ಕದಿರಪ್ಪ ಇವಳನ್ನು ನೋಡಿದ, ಅವನನ್ನು ನೋಡಿದ, ಫಾರಂ ಮಡಿಸಿ ಕಟ್ಟಿಗೆ ಸೇರಿಸಿದ. "ಅಪ್ಪನ ಹೆಸರದೆ. ನಂಗಷ್ಟು ಸಾಕು. ಮಿಕ್ಕಿದ್ದು ನೀವೇ ನೋಡ್ಕೊಳ್ರಪ್ಪ."

ಜಗನ್ ಅವಳ ಹತ್ತಿರ ಬಂದ. ಧ್ವನಿ ಒರಟಾಗಿಯೇ ಇತ್ತು.

"ಟೀಚರೆ... ಆ ಪದಕ್ಕೆ ಏನರ್ಥ ಅಂತ ಗೊತ್ತಿದ್ದೇ ಬರ್ದ್ರಾ?"

"ಗೊತ್ತಿಲ್ಲದೆ ಬರೆದಿದ್ದು ನೀವು. ನಾನು ಗೊತ್ತಿದ್ದೇ ಬರೆದೆ."

"ಜನ ನಗ್ತಾರೆ."

"ನಗಲಿ!" ಆ ಪದ ಬಾಯಿಂದ ಬಂದಾಗ ಹಂಸಾಗೇ ಆಶ್ಚರ್ಯವಾಯಿತು. ನಾಲ್ಕು ವರ್ಷ ಹೆದರಿದ್ದು ಇಷ್ಟೇನಾ... "ನಿಮಗೆ ಇಷ್ಟ ಇಲ್ಲದಿದ್ದರೆ ಹರಿದುಹಾಕಿ. ಒಂದು ಸಲ ನಾನು ಹರಿದಿದ್ದೆ. ಲೆಕ್ಕ ಸರಿಹೋಗುತ್ತೆ."

ಅವನು ಜೇಬಿಗೆ ಕೈ ಹಾಕಿದ. ಹೊರಗೆ ತೆಗೆದದ್ದು ಅದೇ ಗುರುವಾರದ ಚೂರುಗಳು. ಅವಳ ಫಾರಂ. ಒಂದು ಹಾಳೆಗೆ ನೀಟಾಗಿ ಜೋಡಿಸಿ ಅಂಟಿಸಿದ್ದ. ಹಂಸಾ, ಜಗನ್ ಎಂಬ ಎರಡು ಹೆಸರಿನ ನಡುವೆ ಹರಿದ ಗೆರೆ ಇತ್ತು, ಅದರ ಮೇಲೆ ಎರಡು ಸಲ ಟೇಪು ಹಾಕಿದ್ದ.

"ಮಾಧವಿ ಟೀಚರು ನಿಮಗಿಂತ ಬಲೇ ನಿಧಾನ," ಅಂದ.

"ಏನು?"

"ಮೆಟ್ಟಿಲು ಹತ್ತುವಾಗ ಎಲ್ರಿಗಿಂತ ಮೊದ್ಲು ಹತ್ತಿದ್ದು ನೀವೇ. ಕಾಲ್ನಾಗೆ ರಕ್ತ ಸುರೀತಿದ್ರೂವೆ. ನಿಧಾನ ಅಂದಿದ್ದು ಸುಳ್ಳು. ನಿಮ್ ಜೊತೆ ನಡೀಬೇಕು ಅಂತ ನ್ಯಾರವಾಗಿ ಹೇಳಕ್ಕೆ ಬಾಯಿ ಬರ್ನಿಲ್ಲ." ಅವನು ಮೊದಲ ಸಲ ಅವಳ ಕಣ್ಣು ನೋಡಿ ಹೇಳಿದ. "ಅವತ್ತು ನಾನು ತಪ್ಪಾಗಿ ತಿಳ್ಕೊಂಡಿದ್ದು ಪದಾನ. ಹೆಸರು ತಪ್ಪು ಬರೀನಿಲ್ಲ ಟೀಚರೆ."

ಹಂಸಾಳ ಕಣ್ಣು ತುಂಬಿತು. ಅಳುತ್ತಲೇ ರೇಗಿದಳು. "ಹಾಗಿದ್ದರೆ ಇಷ್ಟು ದಿನ ಬೈದಿದ್ದು ಯಾಕೆ? ಒಳಗೆ ಇದ್ದದ್ದು ಹೊರಗೆ ಹೇಳೋಕೆ ಏನಾಗಿತ್ತು?"

ಜಗನ್ ಬೆಳಗಿನ ಬಿಸಿಲು ಬೀಳುತ್ತಿದ್ದ ಕರಿಗೆರೆಯ ಕಡೆ ತೋರಿಸಿದ. "ನಮ್ಮೂರ ಬೆಂಕಿನೇ ಹಂಗೆ. ನೀವೇ ಹೇಳ್ಕೊಟ್ರಲ್ಲ."

"ಪಾಪ," ಅಂದಳು ಹಂಸಾ, ಮೂಗು ಒರೆಸಿಕೊಳ್ಳುತ್ತಾ.

ಶಿವಣ್ಣ ಸಾರ್ ಪೀಪಿ ಊದಿದರು. ಜೋಡಿಗಳು ಒಂದೊಂದಾಗಿ ಹೊರಟವು. ಕೊನೆಯ ಜೋಡಿ ಇವರದು. ಮೊದಲ ಕಪ್ಪು ಬಂಡೆಯ ಮುಂದೆ ಅವನು ಕೈ ಚಾಚಿದ. ಅವಳು ಆ ಕೈ ಬಿಟ್ಟು ತಾನೇ ಹತ್ತಿದಳು. ಹತ್ತಿದ ಮೇಲೆ ನಿಂತು, ತಿರುಗಿ, ಅವನ ಕೈ ಹಿಡಿದುಕೊಂಡಳು.

"ನಾಳೆ ನಂಗೆ ರಜಾ," ಅಂದ ಜಗನ್ ಮೆಲ್ಲಗೆ. "ನಮ್ಮವ್ವನ ಕರ್ಕೊಂಡು ನಿಮ್ಮನೆಗೆ ಬರ್ಲಾ? ನಿಮ್ಮಪ್ಪ, ಅಮ್ಮ ಏನಂತಾರೋ..."

"ಅಪ್ಪ ಏನಂತಾರೋ ಗೊತ್ತಿಲ್ಲ. ಅಮ್ಮ ಕಾಫಿ ಸೋಸ್ತಾರೆ."

"ಮತ್ತೆ ನೀವು?"

ಹಂಸಾ ಅವನ ಧೂಳು ಹಿಡಿದ ದೊಡ್ಡ ಬೂಟುಗಳನ್ನು ಮೇಲಿನಿಂದ ಕೆಳಗೆ ನೋಡಿದಳು, ಮೊದಲ ಭಾನುವಾರ ಅವನು ನೋಡಿದ ಹಾಗೇ.

"ನಾನು ಬಾಗಿಲಲ್ಲೇ ನಿಂತಿರ್ತೀನಿ. ಶೂ ಬಿಚ್ಚಿ ಒಳಗೆ ಬನ್ನಿ."